ಎತ್ವ ಇಲ್ಲದ ಕೋಣೆ

ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆದವಳು ನಾನು. ಕರಡು ತಿದ್ದುವುದು ನನ್ನ ಕೆಲಸ. ಅಂಗಡಿಯ ಬೋರ್ಡು, ಬಸ್ಸಿನ ಹಿಂದಿನ ಬರಹ, ಬಿಸ್ಕತ್ತಿನ ಪೊಟ್ಟಣ, ಯಾವುದನ್ನೂ ನೆಮ್ಮದಿಯಾಗಿ ಓದಲಾರೆ. ಬಿಟ್ಟುಹೋದ ಒತ್ತಕ್ಷರದ ಮೇಲೇ ಮೊದಲು ಕಣ್ಣು ಹೋಗಿ ಕೂರುತ್ತದೆ. ಇಂಥ ನನ್ನನ್ನು ಸಹಿಸಿಕೊಂಡು ಅರ್ಧ ಆಯುಷ್ಯ ಪಕ್ಕದ ಮೇಜಿನಲ್ಲಿ ಕೂತವರು ನನ್ನ ಅತ್ತಿಗೆ. ಲೇಖಕರ ಬರಹವನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿ, ಪುಟಕ್ಕೆ ಹೊಂದಿಸಿ, ಪ್ರೆಸ್ಸಿಗೆ ಹೋಗುವಂತೆ ಸಿದ್ಧಮಾಡುವುದು ಅವರ ಕೆಲಸ. ಅವರು ಕಟ್ಟಿದ ಪುಟಗಳ ಮೇಲೆ ಕೆಂಪು ಶಾಯಿ ಚೆಲ್ಲುವುದು ನನ್ನದು.

ಇದನ್ನೆಲ್ಲ ಶುರುಮಾಡಿದ್ದು ಅಣ್ಣ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಎರಡು ಮೇಜು, ಬೀದಿಗೆ ತೆರೆಯುವ ಒಂದು ಕಿಟಕಿ. ಮೊದಲ ವರ್ಷವೇ ನಮ್ಮ ಮಾನ ಹೋಯಿತು. ಒಂದು ಕಾದಂಬರಿಯಲ್ಲಿ "ನಾಯಕಿ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು" ಎಂದಿರಬೇಕಾದ ಕಡೆ ಎತ್ವ ಬಿದ್ದುಹೋಗಿ "ಕೋಣ ಸೇರಿ ಬಾಗಿಲು ಹಾಕಿಕೊಂಡಳು" ಎಂದು ಅಚ್ಚಾಯಿತು. ಲೇಖಕರು ಬಂದು ಕೂಗಾಡಿ ಹೋದರು. ಅವರ ಚಪ್ಪಲಿ ಸದ್ದು ಮೆಟ್ಟಿಲಿಳಿಯುವ ತನಕ ಅಣ್ಣ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಬಾಗಿಲು ಮುಂದೆ ಮಾಡಿ, ಗೋಡೆಗೊರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವತ್ತಿನಿಂದ ಆ ಜಾಗಕ್ಕೆ ಕೋಣ ಎಂದೇ ಹೆಸರು. "ಕೋಣಕ್ಕೆ ಎಷ್ಟೊತ್ತಿಗೆ ಬರ್ತೀಯ?" "ಕೊಡೆ ಕೋಣದಲ್ಲೇ ಬಿಟ್ಟೆ." ಹೊರಗಿನವರು ಕೇಳಿಸಿಕೊಂಡು ನಮ್ಮ ಮುಖ ನೋಡುತ್ತಿದ್ದರು. ನಮಗೆ ಮಾತ್ರ, ಎತ್ವ ಹಾಕಿ ಅಂದರೆ ಅದು ಯಾರದೋ ಕೋಣೆಯ ಮಾತು ಅನ್ನಿಸುತ್ತಿತ್ತು.

ಕೋಣದ ಕಂಪ್ಯೂಟರಿಗೂ ಅಣ್ಣನೇ ಹೆಸರಿಟ್ಟಿದ್ದ, ಯಜಮಾನ್ರು ಅಂತ. ಬೆಳಿಗ್ಗೆ ಗುಂಡಿ ಒತ್ತಿದರೆ ಯಜಮಾನರು ಕೆಮ್ಮಿ, ಗೊರಗುಟ್ಟಿ, ಕಣ್ಣು ಬಿಡುವಷ್ಟರಲ್ಲಿ ನಾವು ಚಹಾ ಕುಡಿದು, ಲೋಟ ತೊಳೆದು, ಹಿಂದಿನ ದಿನ ಅರ್ಧಕ್ಕೆ ನಿಂತ ಜಗಳವನ್ನೂ ಮುಗಿಸಿರುತ್ತಿದ್ದೆವು. ಬೇಸಿಗೆಯಲ್ಲಿ ಫ್ಯಾನು ಅವರ ಕಡೆಗೆ, ನಮಗೆ ಬೀಸಣಿಗೆ. ಕರೆಂಟು ಹೋದರೆ ಅಲ್ಲಿಯ ತನಕ ಮಾಡಿದ್ದೆಲ್ಲ ಮಣ್ಣುಪಾಲು. ಅದಕ್ಕೇ ಅಣ್ಣನ ಬಾಯಲ್ಲಿ ಸದಾ ಒಂದೇ ಪ್ರಶ್ನೆ: "ಸೇವ್ ಮಾಡಿದ್ಯಾ?" ನಾನು ಊಟದ ಡಬ್ಬಿ ಮುಚ್ಚಿದರೂ ಕೇಳುತ್ತಿದ್ದ, ಅತ್ತಿಗೆ ಬೀಗ ಹಾಕಿದರೂ ಕೇಳುತ್ತಿದ್ದ. ಕೊನೆಯ ಸಲ ಆಸ್ಪತ್ರೆಯ ಮಂಚದ ಮೇಲಿಂದ, ಅತ್ತಿಗೆ ಫ್ಲಾಸ್ಕಿನ ಮುಚ್ಚಳ ತಿರುಗಿಸುವಾಗ ಕೇಳಿದ್ದ. ಅವನು ಹೋಗಿ ಎಷ್ಟೋ ವರ್ಷವಾದರೂ ಅತ್ತಿಗೆಯ ಎಡಗೈ ಪ್ರತಿ ಸಾಲಿನ ಕೊನೆಗೆ ಸೇವ್ ಮಾಡುವ ಆ ಎರಡು ಗುಂಡಿಗಳನ್ನು ಒತ್ತುವುದು ಬಿಡಲಿಲ್ಲ.

ನನಗೆ ಪ್ರಿಯವಾಗಿದ್ದದ್ದು ಅದಕ್ಕೆ ವಿರುದ್ಧವಾದ, ಸೇವ್ ಬೇಡ ಎನ್ನುವ ಗುಂಡಿ. ಸಣ್ಣಪುಟ್ಟ ಜಗಳಗಳನ್ನು ನಾವು ಬಾಯಲ್ಲೇ ಆಡಿ ಮುಗಿಸುತ್ತಿದ್ದೆವು. ದೊಡ್ಡ ಕೋಪ ಬಂದಾಗ ಮಾತ್ರ, ಅತ್ತಿಗೆ ಪ್ರೆಸ್ಸಿಗೆ ಹೋಗುವುದನ್ನು ಕಾದು, ಅವರ ಕುರ್ಚಿಯಲ್ಲಿ ಕೂತು, ತೆರೆದಿದ್ದ ಅಧ್ಯಾಯದ ಕೊನೆಗೆ ಹೋಗಿ, ನಾಲ್ಕು ಸಾಲು ಜಾಗ ಬಿಟ್ಟು, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಳ್ಳುತ್ತಿದ್ದೆ. ಅದೂ ಏಕವಚನದಲ್ಲಿ. ಎದುರಿಗೆ "ಅತ್ತಿಗೆ, ನೀವು" ಎಂದು ತಗ್ಗಿಬಗ್ಗಿ ಮಾತಾಡುವವಳು ಅಲ್ಲಿ "ನೀನು, ನಿನ್ನ ತಲೆ" ಎಂದೆಲ್ಲ ಬರೆಯುತ್ತಿದ್ದೆ. ಎಷ್ಟೇ ಕೋಪ ಬಂದರೂ ಕಾಗುಣಿತ ತಪ್ಪುತ್ತಿರಲಿಲ್ಲ, ಅದು ಬೇರೆ ಮಾತು. ಬರೆದು ಮುಚ್ಚಲು ಹೋದರೆ ಯಜಮಾನರು ಕೇಳುತ್ತಿದ್ದರು, ಇದನ್ನು ಸೇವ್ ಮಾಡಲೇ, ಬೇಡವೇ ಎಂದು. ಬೇಡ ಎಂದು ಒತ್ತುವುದರಲ್ಲಿ ಏನು ಸುಖವಿತ್ತು. ಬೈದ ಹಾಗೂ ಆಯಿತು, ಬೈಯದ ಹಾಗೂ ಆಯಿತು. ಅತ್ತಿಗೆ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ನಾನು ತಣ್ಣಗಾಗಿ ಚಹಾಕ್ಕೆ ನೀರಿಟ್ಟಿರುತ್ತಿದ್ದೆ.

ಈ ವರ್ಷ ಯಜಮಾನರು ಮತ್ತು ಅತ್ತಿಗೆಯ ಮೊಣಕಾಲು ಮಾತಾಡಿಕೊಂಡ ಹಾಗೆ ಒಟ್ಟಿಗೇ ಕೈಕೊಟ್ಟವು. ಮೊಣಕಾಲಿಗೆ ಆಪರೇಷನ್ ಆಯಿತು. ಯಜಮಾನರಿಗೆ ಅದೂ ಆಗುವುದಿಲ್ಲ ಎಂದು ರಿಪೇರಿಯವನು ಕೈಚೆಲ್ಲಿದ. ಆಗ ಸೊಂಟ ಕಟ್ಟಿ ನಿಂತವಳು ಅಣ್ಣನ ಮಗಳು. ಇದೇ ಊರಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೆಲಸ. ಬಾಗದ ಕಾಲು ಬಾಗಿಸುವುದೇ ದಿನದ ಕಸುಬಾದ್ದರಿಂದ ಯಾರು ಏನೆಂದರೂ ಬಗ್ಗುವವಳಲ್ಲ. ತೆಳ್ಳಗಿನ ಎರಡು ಲ್ಯಾಪ್‌ಟಾಪ್ ತಂದು, ಒಂದನ್ನು ಅಮ್ಮನ ಮಂಚದ ಮೇಲಿಟ್ಟು, ಇನ್ನೊಂದನ್ನು ನನ್ನ ಕೈಗೆ ಕೊಟ್ಟಳು.

"ಇದ್ರೊಳಗೆ ಏನೂ ಇಲ್ಲ ಅತ್ತೆ," ಎಂದಳು ಹೆಮ್ಮೆಯಿಂದ.

"ಮತ್ಯಾಕೆ ತಂದೆ?"

"ಇದು ಬರೀ ಕಿಟಕಿ ಅಂದ್ಕೊಳ್ಳಿ. ಆಪರೇಟಿಂಗ್ ಸಿಸ್ಟಮ್ಮು, ನಿಮ್ಮ ಪುಸ್ತಕ, ಎಲ್ಲಾ ಇಂಟರ್ನೆಟ್ಟಲ್ಲೇ ಇರುತ್ತೆ. ಇದು ಒಡೆದುಹೋದ್ರೂ ಚಿಂತೆ ಇಲ್ಲ, ಇನ್ನೊಂದ್ರಲ್ಲಿ ಪಾಸ್‌ವರ್ಡ್ ಹಾಕಿದ್ರೆ ಬಿಟ್ಟಲ್ಲಿಂದ್ಲೇ ಕೆಲಸ. ಒತ್ತಿದ ತಕ್ಷಣ ಏಳುತ್ತೆ. ಸೇವ್ ಮಾಡೋದೂ ಬೇಡ, ಅದೇ ಮಾಡ್ಕೊಳ್ಳುತ್ತೆ."

"ಇಂಟರ್ನೆಟ್ ಹೋದ್ರೆ?"

"ಬರೋ ತನಕ ಕಾಯ್ಬೇಕು."

"ಅಲ್ಲೀ ತನಕ ಇದರ ಮೇಲೆ ಚಹಾ ಲೋಟ ಇಡಬಹುದು," ಎಂದೆ. "ಅಲ್ಲ ಕಣೇ, ನಮ್ಮ ಪಾತ್ರೆ ಪಡಗ ಎಲ್ಲಾ ಯಾರದೋ ಮನೇಲಿ ಇಟ್ಟ ಹಾಗಾಯ್ತು. ನಾಳೆ ಅವರು ಬಾಗಿಲು ಹಾಕ್ಕೊಂಡ್ರೆ ಯಾರನ್ನ ಕೇಳೋದು?"

"ನಿಮ್ಮ ಹತ್ರ ಇಟ್ಕೊಂಡಿದ್ದು ಉಳೀತಾ ಅತ್ತೆ? ಯಜಮಾನ್ರ ಜೊತೆ ಎಷ್ಟು ಪುಸ್ತಕ ಹೋಯ್ತು, ಹೇಳಿ."

ಉಳಿದಿದ್ದ ನಾಲ್ಕಾರು ಹಳೆಯ ಪುಸ್ತಕಗಳನ್ನು ಇದರಲ್ಲಿ ತೆರೆದರೆ ಅಣ್ಣ ಆಸೆಪಟ್ಟು ಆರಿಸಿದ್ದ ಅಕ್ಷರದ ಬದಲು ಸಾಲಿಗೆ ಸಾಲು ಖಾಲಿ ಚೌಕಗಳು ಬಂದವು. ಅವಳು ಏನೇನೋ ಒತ್ತಿ, ಹೊಸ ಅಕ್ಷರ ತಂದು ಸರಿಮಾಡಿದಳು. ಒಂದೇ ಅಧ್ಯಾಯವನ್ನು ಇಬ್ಬರೂ ತೆರೆದರೆ, ಟೈಪು ಮಾಡುವ ಕಡೆ ಮಿಟುಕುವ ಗೆರೆ ಅಮ್ಮನದು ಹಸಿರು, ನನ್ನದು ಕೆಂಪು ಎಂದೂ ತೋರಿಸಿದಳು. ಕೆಂಪಾದರೂ ನನ್ನ ಪಾಲಿಗೆ ಉಳಿಯಿತಲ್ಲ ಎಂದುಕೊಂಡೆ.

ಅವಳು ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು. "ಇನ್ನು ಆ ಕೋಣ ಯಾಕಮ್ಮ? ನೀನು ಮೆಟ್ಟಿಲು ಹತ್ತೋದು ಬೇಡ. ನೀನು ಇಲ್ಲಿ, ಅತ್ತೆ ಅವರ ಮನೇಲಿ. ಕೆಲಸ ಏನೂ ನಿಲ್ಲಲ್ಲ. ಬಿಟ್ಟುಬಿಡೋಣ."

ಅತ್ತಿಗೆ ಮೊಣಕಾಲಿನ ಮೇಲೆ ಐಸಿನ ಚೀಲ ಸರಿಮಾಡಿಕೊಳ್ಳುತ್ತ, "ನೋಡೋಣ," ಎಂದರು.

ಅವರ ನೋಡೋಣ ನನಗೆ ಚೆನ್ನಾಗಿ ಗೊತ್ತು. ನಾಳೆಯೇ ಪುಸ್ತಕ ಬೇಕು ಎಂದು ಕಾಡುವ ಲೇಖಕರಿಗೆ ನಗುನಗುತ್ತ ನೋಡೋಣ ಎಂದರೆ ಆ ಕೆಲಸ ಆಗುವುದಿಲ್ಲ ಎಂದೇ ಅರ್ಥ. ಬಾಯಿ ಬಿಟ್ಟು ಬೇಡ ಎನ್ನುವುದು ಅವರ ಸ್ವಭಾವವಲ್ಲ. ಅವತ್ತು ಮಾತ್ರ ನಾನು ಅದನ್ನು ಕೋಣಕ್ಕೇ ಹಚ್ಚಿಕೊಂಡೆ. ಕೋಣ ಇನ್ನು ಆಗುವುದಿಲ್ಲ ಎನ್ನುತ್ತಿದ್ದಾರೆ ಎಂದುಕೊಂಡು ಮನೆಗೆ ಬಂದೆ.

ಸುಳ್ಳು ಯಾಕೆ, ಕೆಲಸ ಸಲೀಸಾಗಿತ್ತು. ಜೇನು ಸಾಕುವುದರ ಬಗ್ಗೆ ಒಂದು ಪುಸ್ತಕ ಬಂದಿತ್ತು. ಅತ್ತಿಗೆ ಮಂಚದ ಮೇಲೆ ಕಾಲು ಚಾಚಿಕೊಂಡು ಪುಟ ಕಟ್ಟುತ್ತಿದ್ದರು, ನಾನು ಕೋಣದಲ್ಲಿ ಕೂತು ತಿದ್ದುತ್ತಿದ್ದೆ. ಕರೆಂಟು ಹೋದರೂ ಒಂದಕ್ಷರ ಕಳೆಯಲಿಲ್ಲ. ಕಾಗದದ ಕಟ್ಟು ಹೊತ್ತುಕೊಂಡು ಓಡಾಡುವುದು ತಪ್ಪಿತು. ಎಲ್ಲ ಸರಿ, ಆದರೆ ಆ ಯಂತ್ರ ಒತ್ತಿದ ತಕ್ಷಣ ಎದ್ದು ಕೂರುತ್ತಿತ್ತು. ಚಹಾ ಕುಡಿಯಲು ನೆಪವೇ ಉಳಿಯಲಿಲ್ಲ. ಪಕ್ಕದ ಕುರ್ಚಿಯ ದಿಂಬಿನಲ್ಲಿ ಅತ್ತಿಗೆ ಕೂತ ಗುಳಿ ಹಾಗೇ ಇತ್ತು. ನಾನು ಅದರ ಕಡೆ ತಿರುಗಿ, "ಈ ಮನುಷ್ಯನಿಗೆ ಅಲ್ಪಪ್ರಾಣ ಮಹಾಪ್ರಾಣ ಗೊತ್ತಿಲ್ಲ ಅತ್ತಿಗೆ," ಎಂದು ಜೇನಿನ ಲೇಖಕರ ಮೇಲೆ ದೂರು ಹೇಳಿದ್ದೂ ಉಂಟು.

ಒಂದು ಮಧ್ಯಾಹ್ನ ಕೆಳಗಿನ ಔಷಧಿ ಅಂಗಡಿಯವರು ಅಳತೆ ಟೇಪು ಹಿಡಿದುಕೊಂಡು ಬಂದರು.

"ಕೋಣೆ ಬಿಡ್ತೀರಂತೆ. ನಿಮ್ಮ ಅಣ್ಣನ ಮಗಳು ಫೋನಲ್ಲಿ ಹೇಳಿದ್ರು. ನಮಗೆ ಡಬ್ಬ ಇಡೋಕೆ ಜಾಗ ಸಾಲ್ತಿಲ್ಲ. ಅಳೆದುಕೊಂಡು ಹೋಗ್ಲಾ?"

ಅವರದೇನೂ ತಪ್ಪಿಲ್ಲ, ಒಳ್ಳೆಯ ಮನುಷ್ಯ. ಅಳತೆಗೆ ಅಡ್ಡ ಬಂತೆಂದು ಅತ್ತಿಗೆಯ ಕುರ್ಚಿಯನ್ನು ಮೆಲ್ಲಗೆ ಮೂಲೆಗೆ ಸರಿಸಿದರು. ನಾನು ಹಲ್ಲು ಕಚ್ಚಿಕೊಂಡು ಜೇನುನೊಣಗಳನ್ನೇ ನೋಡುತ್ತ ಕೂತೆ. ಅವರು ಇಳಿದುಹೋದ ಮೇಲೆ ಮೈಯೆಲ್ಲ ಉರಿಯಿತು. ಕೈ ತಾನಾಗಿ ಹಳೆಯ ದಾರಿ ಹಿಡಿಯಿತು. ಅಧ್ಯಾಯದ ಕೊನೆಗೆ ಹೋದೆ, ನಾಲ್ಕು ಸಾಲು ಬಿಟ್ಟೆ.

"ನನಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ಲವೇನೇ ನಿನಗೆ? ನಿನ್ನ ಕುರ್ಚಿ ಇರುವ ಜಾಗವನ್ನು ಯಾರೋ ಅಳೆದುಕೊಂಡು ಹೋದರು. ನಿನ್ನ ಕಾಲು ನೋಯುತ್ತದೆ, ನನಗೇನು ಗೊತ್ತಿಲ್ಲವೇ? ನಾನೇನು ನಿನ್ನನ್ನು ಓಡು ಎಂದೆನೇ? ನಿನಗೆ ಮಗಳಿದ್ದಾಳೆ. ನನಗೆ ಬೆಳಿಗ್ಗೆ ತಲೆ ಬಾಚಿಕೊಂಡು ಹೋಗಲು ಇದ್ದದ್ದು ಇದೊಂದೇ. ಮನೆಯಲ್ಲಿ ಕೂತು ಯಾರ ತಪ್ಪು ತಿದ್ದಲಿ, ಗೋಡೆಯದೇ? ಅಣ್ಣ ಹೋದಾಗಲೂ ನಾನು ಒಂಟಿ ಅನ್ನಿಸಲಿಲ್ಲ, ಯಾಕೆಂದರೆ ನೀನು ಪಕ್ಕದಲ್ಲಿ ಕೂತು ಮೂಗೊರೆಸಿಕೊಂಡು ಟೈಪು ಮಾಡುತ್ತಿದ್ದೆ. ಬರದಿದ್ದರೆ ಬರಬೇಡ ಹೋಗು. ನೀನಿಲ್ಲದ ಮೇಲೆ ಇದು ಬರೀ ಕೋಣೆ."

ಮುಚ್ಚುವ ಗುರುತನ್ನು ಒತ್ತಿ, ಬೇಡ ಎನ್ನಲು ಬೆರಳು ಎತ್ತಿಕೊಂಡು ಕಾದೆ. ಯಂತ್ರ ಏನೂ ಕೇಳಲಿಲ್ಲ. ಸುಮ್ಮನೆ ಮುಚ್ಚಿಕೊಂಡಿತು.

ಅದೇ ಮಾಡ್ಕೊಳ್ಳುತ್ತೆ ಎಂದು ಅಣ್ಣನ ಮಗಳು ಹೇಳಿದ್ದು ಆಗ ನೆನಪಾಯಿತು. ಅಂದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಗಾಬರಿಯಿಂದ ಮತ್ತೆ ತೆರೆದೆ. ಗೂಡು ಶುಚಿ ಮಾಡುವ ವಿಧಾನದ ಕೆಳಗೆ ನನ್ನ ಬೈಗುಳ ಒಂದಕ್ಷರ ಬಿಡದೆ ಕೂತಿತ್ತು. ಅದರ ಕೆಳಗೆ ಹಸಿರು ಗೆರೆಯೊಂದು ಮಿಟುಕುತ್ತ ನಿಂತಿತ್ತು. ಅತ್ತಿಗೆ ಇದೇ ಅಧ್ಯಾಯದಲ್ಲಿದ್ದರು. ನಾನು ಬರೆದದ್ದನ್ನು ಅಕ್ಷರ ಅಕ್ಷರವಾಗಿ, ಬರೆಯುತ್ತಿದ್ದ ಹಾಗೇ, ಮಂಚದ ಮೇಲೆ ಕೂತು ಓದಿದ್ದರು. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ನಮ್ಮಿಬ್ಬರ ನಡುವೆ ಇದ್ದದ್ದೂ ಇಲ್ಲಿಗೆ ಮುಗಿಯಿತು ಎಂದೇ ನನ್ನ ಲೆಕ್ಕ.

ಹಸಿರು ಗೆರೆ ಕದಲಿತು.

"ಏಕವಚನ ಚೆನ್ನಾಗಿದೆ. ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದೆ?"

ಗೆರೆ ಮುಂದುವರಿಯಿತು.

"ಟೇಪಿನ ವಿಷಯ ನನಗೂ ಈಗಲೇ ಗೊತ್ತಾದದ್ದು. ಮಗಳಿಗೆ ನಾನು ಹೂಂ ಅಂದಿರಲಿಲ್ಲ. ನೋಡೋಣ ಅಂದಿದ್ದೆ. ನನ್ನ ನೋಡೋಣ ಅವಳಿಗೆ ಅರ್ಥ ಆಗಲ್ಲ ಸರಿ, ನಿನಗೂ ಆಗಲಿಲ್ಲವೇ?"

ನನಗೆ ನಾಚಿಕೆಯೂ ಅಳುವೂ ಒಟ್ಟಿಗೆ ಬಂದವು. ಬರೆದದ್ದನ್ನೆಲ್ಲ ಅಳಿಸಿಬಿಡೋಣವೆಂದು ಮೇಲಿನಿಂದ ಕೆಳಗಿನ ತನಕ ಆರಿಸಿಕೊಂಡೆ. ಅಷ್ಟರಲ್ಲಿ ಅವರೇ ಬರೆದರು, "ಅಳಿಸಬೇಡ. ಒಂದು ತಪ್ಪಿದೆ. ತಿದ್ದುತ್ತೇನೆ."

ನನ್ನ ಬರಹದಲ್ಲಿ ತಪ್ಪು. ಅಂಥ ಹೊತ್ತಿನಲ್ಲೂ ನನಗೆ ರೋಷ ಬಂತು. ಹಸಿರು ಗೆರೆ ಸಾಲು ಹತ್ತಿ ಮೇಲೆ ಬಂತು. ಒಂದೊಂದು ಸಾಲಿಗೂ ಸ್ವಲ್ಪ ನಿಂತು, ಕಾಲು ನೋಯುವವರು ಮೆಟ್ಟಿಲು ಹತ್ತುವ ಹಾಗೆ ಬಂತು. ನನ್ನ ಕೊನೆಯ ಪದದ ಪಕ್ಕ ಹೋಗಿ ನಿಂತಿತು. ಕೋಣೆ ಎಂದಿದ್ದ ಕಡೆ ಎತ್ವ ಮಾಯವಾಗಿ ಕೋಣ ಆಯಿತು.

ನಾನು ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತೆ. ಅಣ್ಣ ಗೋಡೆಗೊರಗಿ ನಗುತ್ತಿದ್ದ ಜಾಗದ ಸುಣ್ಣ ಇನ್ನೂ ಸವೆದೇ ಇದೆ. ಅದನ್ನೇ ನೋಡುತ್ತ ಕೂತೆ. ಮತ್ತೆ ಪರದೆಯ ಕಡೆ ತಿರುಗಿದಾಗ ಹಸಿರು ಗೆರೆ ಇನ್ನೊಂದು ಮಾತು ಬರೆದು ಮುಗಿಸಿತ್ತು. "ಸೋಮವಾರ ಬರುತ್ತೇನೆ. ಕೆಳಗೆ ಬಂದು ನಿಂತು ಕೈ ಕೊಡು. ಅಂಗಡಿಯವರಿಗೆ ನಾನೇ ಹೇಳುತ್ತೇನೆ."

ಕುರ್ಚಿಯನ್ನು ಮೂಲೆಯಿಂದ ತಂದು ಅದರ ಜಾಗದಲ್ಲಿಟ್ಟೆ. ಆಮೇಲೆ ಅವರ ಸಾಲಿನ ಕೆಳಗೆ, ಇನ್ನು ಹೇಗೂ ಮುಚ್ಚುಮರೆ ಇಲ್ಲವೆಂದು ಏಕವಚನದಲ್ಲೇ ಕೇಳಿದೆ.

"ಸೇವ್ ಮಾಡಿದ್ಯಾ?"

"ಅದೇ ಮಾಡ್ಕೊಳ್ಳುತ್ತಂತೆ," ಎಂದು ಬರೆದರು. "ಆದ್ರೂ ಒತ್ತಿದೆ."