ಮೈ ಕಾಯ್ದದಾ

ಮುಂಗೈ ಉರಿಯುತ್ತಿದೆ, ಗುಳ್ಳೆ ಎದ್ದಿದೆ, ಅದರ ಮೇಲೂ ಕಪ್ಪು, ಆರು ವರ್ಷದಿಂದ ಉಗುರಿನ ಸಂದಿ ಬಿಡದ ಕಪ್ಪು — ಡಬ್ಬದ ಮೇಲೆ ಗ್ರಾಫೈಟ್ ಅಂತ ಬರೆದಿದೆ, ಶೆಡ್ಡಿನಲ್ಲಿ ಎಲ್ಲರೂ ತಮಿಳಿನಲ್ಲಿ ಮೈ ಅನ್ನುತ್ತಾರೆ, ಕಣ್ಣಿಗೆ ಹಚ್ಚುವ ಕಾಡಿಗೆಗೆ ಅನ್ನುವ ಹಾಗೆ, ಯಂತ್ರದ ಸುತ್ತಿಗೆಯ ಒಂದೊಂದು ಏಟಿನ ನಂತರವೂ ಅದನ್ನು ನೀರಲ್ಲಿ ಕದಡಿ ಗುದ್ದಲಿಯ ಅಚ್ಚಿಗೆ ಚಿಮ್ಮಿಸುವುದು ನನ್ನ ಕೆಲಸ, ಅಚ್ಚು ತಣಿಯಬೇಕು, ಕೆಂಪು ಕಬ್ಬಿಣ ಅಂಟದೆ ಜಾರಬೇಕು, ನೀರು ಹಾರಿ ಕಪ್ಪು ಮಾತ್ರ ಉಳಿದ ಮೇಲೆ ಮುಂದಿನ ಏಟು, ಅಚ್ಚಿನ ಗುಣಿಯಲ್ಲಿ ನೀರು ನಿಂತಿದ್ದರೆ ಆವಿಗೆ ದಾರಿಯಿಲ್ಲ, ಅಚ್ಚು ಬಿರಿಯುತ್ತದೆ, ನನಗೆ ಗೊತ್ತಿಲ್ಲವೇ, ಮುರುಗನಿಗೂ ಗೊತ್ತು — ಬಿರಿದಿದೆ, ಮೂಲೆಯಿಂದ ಮೂಲೆಗೆ, ತಿಂಗಳು ತುಂಬದ ಅಚ್ಚು. ಓನರ್ ಪ್ರಭಾಕರನ್ ಚಿನ್ನಾಳಪಟ್ಟಿ ದಾಟಿದ್ದಾರಂತೆ, ಇನ್ನೇನು ಬಂದುಬಿಡುತ್ತಾರೆ, ಬಂದವರು ಒಬ್ಬರನ್ನು ಹೊರಗೆ ಹಾಕದೆ ಬಿಡುವುದಿಲ್ಲ, ಅಚ್ಚು ಒಡೆದವಳು ಅಂತ ಹೆಸರು ಬಂದರೆ ದಿಂಡಿಗಲ್‌ನ ಯಾವ ಶೆಡ್ಡಿನವರು ಸೇರಿಸುತ್ತಾರೆ, ಮುರುಗನ್ ಆಗಲೇ ಎಲ್ಲರಿಗೂ ಹೇಳಿಯಾಗಿದೆ, ಸುತ್ತಿಗೆಯ ಪೆಡಲ್ ತುಳಿಯುವವನು, ನನ್ನ ಗಂಡನ ತಮ್ಮ, ನಾನು ಕೇಳಿಯೇ ತುಳಿದೆ, ಅತ್ತಿಗೆಯೇ ಆಯ್ತು ಅಂದರು ಅಂತ. ಅಂದೆ, ಸುಳ್ಳಲ್ಲ. ದಿನದ ಮೊದಲ ಏಟು, ತಣ್ಣನೆಯ ಅಚ್ಚಿಗೆ ಏಟು ಹಾಕಬಾರದು ಅಂತ ಅದರ ಮೇಲೆ ಕಾದ ಕಬ್ಬಿಣ ಇಟ್ಟು ಬಿಸಿ ಮಾಡಿ ತೆಗೆದಿದ್ದೆವು, ಆಗಷ್ಟೇ ಚಿಮ್ಮಿಸಿದ್ದೆ, ಅತ್ತಿಗೆ, ಮೈ ಕಾಯ್ದದಾ ಅಂತ ಕೇಳಿದ — ಮನೆ ಮಾತಲ್ಲಿ, ನಮ್ಮ ಕನ್ನಡದಲ್ಲಿ, ಅದರಲ್ಲಿ ಮೈ ಅಂದರೆ ಮೈಯೇ, ಕಾಯುವುದು ಅಂದರೆ ಬಿಸಿಯಾಗುವುದು, ಅಚ್ಚಿನ ಮೈ ಬಿಸಿಯಾಯಿತೇ ಅನ್ನುತ್ತಿದ್ದಾನೆ ಅಂದುಕೊಂಡೆ, ಹೂಂ ಕಾಯ್ದದೆ ಅಂದೆ, ಒಣಗಿತೇ ಅನ್ನುವ ಮಾತು ಇನ್ನು ಬರಬೇಕು ಅಂತ ಕಾದು ನಿಂತೆ. ಅವನು ಕೇಳಿದ್ದೇ ಕಪ್ಪು ಒಣಗಿತೇ ಅಂತಂತೆ, ಮೈ ಅಂದರೆ ಡಬ್ಬದ ಮೈ, ತಮಿಳಲ್ಲಿ ಕಾಯುವುದು ಅಂದರೆ ಒಣಗುವುದೂ ಹೌದು. ಹಾಗಾದರೆ ತಮಿಳಲ್ಲೇ ಕೇಳಬಹುದಿತ್ತಲ್ಲ, ಆರು ವರ್ಷ ಹಾಗೇ ಕೇಳಿದವನು, ನಮ್ಮ ಮಾತು ಇಲ್ಲಿ ಆಡಬೇಡಿ ಅತ್ತಿಗೆ, ನಾಲ್ಕು ಜನ ನಗ್ತಾರೆ ಅಂತ ನನ್ನ ಬಾಯಿ ಮುಚ್ಚಿಸಿದವನು, ಇವತ್ತು ಮಾತ್ರ ಯಾಕೆ — ಹೋದ ವಾರ ಅವನ ಹೆಂಡತಿ ಗೋಮತಿ, ಅಕ್ಕಾ, ಒಂದು ಬಕೆಟ್ ನೀರಿಗೆ ಎಷ್ಟು ಮೈ ಹಾಕ್ತೀರಿ, ಸುಮ್ಮನೆ ಕೇಳ್ದೆ ಅಂದಳು, ಸುಮ್ಮನೆ ಕೇಳುವವಳು ಎರಡು ಸಲ ಕೇಳುತ್ತಾಳೆಯೇ, ನಾನೇ ಕೈ ಹಿಡಿದು ನನ್ನ ಕೆಲಸ ಕಲಿಸಿದೆ, ಹದ ಬಂತಲ್ಲ ಅಂತ ಹೊಗಳಿದೆ. ಅಥವಾ ನನ್ನ ಮನಸ್ಸೇ ಕೆಟ್ಟದ್ದೋ, ಮನೆ ಮಾತು ಬಾಯಿ ತಪ್ಪಿ ಬಂದಿರಬಹುದು, ನನಗೂ ಬರುವುದಿಲ್ಲವೇ — ಈಗ ಟೀ ತಂದುಕೊಟ್ಟ, ಸುಟ್ಟ ಕೈ ನೋಡಿ ಕಣ್ಣು ತುಂಬಿಕೊಂಡ, ತಪ್ಪು ಯಾರ್ದೂ ಅಲ್ಲ ಅತ್ತಿಗೆ, ಮಾತಿಂದು ಅಂದ, ಎಷ್ಟು ಚೆನ್ನಾಗಿ ಅಂದ, ಮೊದಲೇ ಜೋಡಿಸಿಟ್ಟ ಹಾಗೆ. ಅಚ್ಚಿನಿಂದ ಕಣ್ಣು ಕೀಳದವನು, ಏಟು ಬೀಳುವಾಗಲೂ ರೆಪ್ಪೆ ಹೊಡೆಯುವುದಿಲ್ಲ ಅಂತ ಜಂಬ, ಇವತ್ತು ಇಕ್ಕಳದಿಂದ ಕಬ್ಬಿಣ ಇಟ್ಟ, ಮುಖ ತಿರುಗಿಸಿದ, ತುಳಿದ — ಇಲ್ಲ, ತುಳಿದ, ಆವಿ ಎದ್ದಿತು, ಆಮೇಲೆ ತಿರುಗಿಸಿದನೇನೋ — ಗೇಟಿನಲ್ಲಿ ಕಾರು ನಿಂತಿತು, ಓನರ್ ಇಳಿದರು, ಸರಿ ಅಂದದ್ದು ಯಾರು ಅಂತ ಕೇಳುತ್ತಿದ್ದಾರೆ, ಎಲ್ಲರೂ ನನ್ನ ಕಡೆ ನೋಡುತ್ತಾರೆ, ಮುರುಗನೊಬ್ಬ ನೋಡುವುದಿಲ್ಲ, ನಾನೇ ಅನ್ನಬೇಕು, ಕಬ್ಬಿಣ ಇಟ್ಟ, ಮುಖ ತಿರುಗಿಸಿದ, ತುಳಿದ, ಇಟ್ಟ, ಮುಖ ತಿರುಗಿಸಿದ