ಜ್ಯೋತಿರಾಮ ಅಲ್ಲ, ಜ್ಯೋತೆಪ್ಪ

ಮತ್ತೆ ಜ್ಯೋತಿರಾಮ ಅಂದ, ಮೂರನೇ ಸಲ, ಮೈಕು ಹಿಡಿದ ಈ ನಗರಸೇವಕನಿಗೆ ಯಾರಾದರೂ ಹೇಳಬಾರದೇ, ಹಲಗೆಯ ಮೇಲೂ ಹಾಗೇ ಬರೆಸಿದ್ದಾನೆ, ಹುತಾತ್ಮ ಜ್ಯೋತಿರಾಮ ಚೌಕ, ನನ್ನ ತಮ್ಮ ಜ್ಯೋತೆಪ್ಪ, ಅಪ್ಪ ಧೋಂಡಪ್ಪ ತನ್ನ ಅಪ್ಪನ ನೆನಪಿಗೆ ಇಟ್ಟ ಹೆಸರು, ಬೆಳಿಗ್ಗೆಯೇ ಹೇಳಿದೆ, ಸಾಹೇಬ್ರ, ಹೆಸರ ತಪ್ಪೈತ್ರಿ, ಅಸೂ ದ್ಯಾ ತಾಯಿ ಎಂದ ಮರಾಠಿಯಲ್ಲಿ, ಇರಲಿ ಬಿಡಿ ಅಂತೆ, ಯಾಕೆ ಇರಲಿ? ಈ ಚೌಕ ನಾವು ಕುರಿ ನಿಲ್ಲಿಸುತ್ತಿದ್ದ ಹೊಲ, ಆ ಮೋಟರ್‌ಸೈಕಲ್ ಶೋರೂಮು ಇರುವಲ್ಲಿ ನಮ್ಮ ಗುಡಿಸಲು, ಅಥಣಿ ಕಡೆಯಿಂದ ಅಪ್ಪ ಕುರಿ ಹೊಡೆದುಕೊಂಡು ಬಂದಾಗ ಜ್ಯೋತೆಪ್ಪ ನನ್ನ ಸೊಂಟದ ಮೇಲಿದ್ದ, ಆಮೇಲೆ ಹೊಲಕ್ಕೆಲ್ಲ ಪ್ಲಾಟು ಬಿದ್ದವು, ಕುರಿ ಹೋದವು, ಇಪ್ಪತ್ತು ವರ್ಷ ಮಿರಜಿನ ನೀರು ಕುಡಿದ ಮೇಲೂ ಸೈನ್ಯದ ಭರತಿಯಲ್ಲಿ ಗುಮಾಸ್ತ ಕೇಳಿದ್ದು, ನೀ ಕಾನಡಿ, ಕನ್ನಡದಾಂವ, ಇಲ್ಲಿ ರಹಿವಾಸಿ ದಾಖಲಾ ಎಲ್ಲೈತಿ, ಇಲ್ಲೇ ವಾಸ ಅನ್ನುವ ಆ ದಾಖಲೆಗೆ ಕಚೇರಿ ಕಚೇರಿ ಅಲೆದವಳು ನಾನು, ಆ ಕಾಗದ ತರದೇ ಇದ್ದಿದ್ದರೆ — ಬೇಡ, ಅದು ಬೇಡ — ಆಗ ಹೊರಗಿನವನು, ಕಾರ್ಗಿಲ್‌ನಲ್ಲಿ ಸತ್ತ ಮೇಲೆ ಮಿರಜಿನ ಸುಪುತ್ರ, ಇವರಿಗೆ ನಾಚಿಕೆಯೂ ಇಲ್ಲ, ಈಗ ನನ್ನನ್ನು ಕರೆಯುತ್ತಾನೆ, ಮಾಯವ್ವ, ಎರಡು ಮಾತು ಹೇಳ್ರಿ, ಹೇಳುತ್ತೇನೆ, ಅಂವ ಜ್ಯೋತಿರಾಮ ಅಲ್ರಿ, ನಮ್ಮ ಜ್ಯೋತೆಪ್ಪ, ಆ ಹಲಗಿ ಇಳಸ್ರಿ — ಅಷ್ಟರಲ್ಲೇ ಚಪ್ಪಾಳೆ, ಅಳುತ್ತಿದ್ದಾಳೆ ಅಂದುಕೊಂಡರೋ ಏನೋ, ಅಳುತ್ತಿಲ್ಲ, ಸಿಟ್ಟು ಬಂದಿದೆ ನನಗೆ, ಯಾರೋ ನೀರಿನ ಬಾಟಲಿ ಕೈಗಿಡುತ್ತಾರೆ, ಕುಂದರ್ರಿ ಅಕ್ಕಾ, ನೀರ ಕುಡೀರಿ.

ನೀರು. ಜ್ಯೋತೆಪ್ಪ ರಜೆಗೆ ಬಂದ ಐದನೇ ದಿನಕ್ಕೇ ಸೈನ್ಯದಿಂದ ತಂತಿ ಬಂತು, ಹೊರಟ, ಅಕ್ಕಾ, ಗುಡ್ಡದಾಗ ಕುರಿ ಕಾದಾಂವ ನಾ, ನನಗೇನ ಆಗತೈತಿ, ಮಿರಜ ಸ್ಟೇಷನ್ನಿನಲ್ಲಿ ಅವನ ಬಾಟಲಿ ತುಂಬಲು ನಳಕ್ಕೆ ಹೋದವಳು ನಾನೇ, ಹಾಳು ಮುಚ್ಚಳ ಕೂರಲೊಲ್ಲದು, ತಿರುವುತ್ತಾ ನಿಂತೆ, ಎಂಥ ಹುಚ್ಚಿ, ಮುಚ್ಚಳ ಯಾಕೆ ಬೇಕಿತ್ತು, ಗಾಡಿ ಬಿಟ್ಟಿತು, ಓಡಿದೆ, ಬಾಗಿಲಲ್ಲಿ ಬಗ್ಗಿ ಕೈ ಚಾಚಿದ, ಒಗಿ ಅಕ್ಕಾ, ಒಗಿ, ಒಗೆಯಲಿಲ್ಲ, ಕೈಗೇ ಕೊಡುತ್ತೇನೆಂಬ ಹಟ, ಒಂದೇ ಗೇಣು, ಬೆರಳು ಅಗಲಿಸಿದ ಕೈ, ಆಮೇಲೆ ಎರಡು ಮಾರು, ಆಮೇಲೆ — ತಿಂಗಳಿಗೆ ಪೆಟ್ಟಿಗೆ ಬಂತು, ತೆರೀಬ್ಯಾಡ್ರಿ ಅಂದರು, ಮುಖ ಬ್ಯಾಡ, ಕೈಯಾದ್ರೂ ತೋರಸ್ರಿ ಅಂದೆ, ತೋರಿಸಲಿಲ್ಲ, ಬೆರಳು ಅಗಲಿಸಿದ ಕೈ, ಗಾಡಿಯ ಬಾಗಿಲಿಂದ ಹೊರಗೆ, ಖಾಲಿ, ಇನ್ನೂ ಚಾಚಿಯೇ ಇರುವ ಕೈ, ಆ ಕೈ —