ಸೈಲೆನ್ಸರ್ ಒಲೆ

ಅವನನ್ನು ಆ ಬೀದಿಯವರೆಲ್ಲ ಸೈಲೆನ್ಸರ್ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಲಾರಿಯೋ ಬೈಕೋ, ಹೊಗೆ ಕೊಳವೆ ತೂತು ಬಿದ್ದರೆ ಅವನ ಗ್ಯಾರೇಜಿಗೇ ಬರಬೇಕು. ತೂತು ಮುಚ್ಚುವುದು ಅವನ ಕೆಲಸ, ಬಾಯಿ ತೆರೆಯುವುದು ಹೆಂಡತಿಯ ಕೆಲಸ. ಗಿರಾಕಿಗಳನ್ನು ಕೂರಿಸಿ ಮಾತಾಡಿಸುವವಳು, ಗದರಿಸುವವಳು, ನಾಳೆ ಬಾ ಅಂತ ಸಾಗಹಾಕುವವಳು ಎಲ್ಲ ಅವಳೇ. "ನಮ್ಮ ಯಜಮಾನ್ರು ಮಾಡೋದೂ ಸೈಲೆನ್ಸರ್, ಅವರೂ ಸೈಲೆನ್ಸರ್" ಅಂತ ಹೇಳಿ, ಬೇರೆಯವರು ನಗುವ ಮೊದಲೇ ತಾನು ನಕ್ಕುಬಿಡುತ್ತಿದ್ದಳು.

ಅಂಥವಳು ಒಂದು ಬೆಳಿಗ್ಗೆ ಗ್ಯಾರೇಜಿನ ಬಾಗಿಲಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದಾಗ ಮಾತು ತೊದಲಿ, ಹಾಗೇ ಗೋಡೆಗೊರಗಿ ಕುಸಿದಳು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು ಆಸ್ಪತ್ರೆಯಲ್ಲಿ. ಜೀವ ಉಳಿಯಿತು, ಕೈಕಾಲೂ ಬಹುಮಟ್ಟಿಗೆ ಉಳಿದವು. ಹೋದದ್ದು ಮಾತು, ಮತ್ತೆ ನುಂಗುವ ಶಕ್ತಿ. ಮೂಗಿನೊಳಗೆ ಸಣ್ಣ ನಳಿಗೆ ಇಳಿಸಿ ಹಾಲಿನ ಬಣ್ಣದ ಏನನ್ನೋ ಬಿಡತೊಡಗಿದರು. ಮಂಚದ ತಲೆಗೆ ಒಂದು ರಟ್ಟು ತೂಗುಹಾಕಿದರು: ಬಾಯಿಗೆ ಏನನ್ನೂ ಕೊಡಬಾರದು.

"ಒಂದು ಚಮಚ ನೀರೂ ಬೇಡ್ವಾ ಸಿಸ್ಟರ್?" ಅಂತ ಕೇಳಿದ ಮೇಸ್ತ್ರಿ.

"ಒಂದು ಹನಿಯೂ ಬೇಡ. ಹೊಟ್ಟೆಗೆ ಹೋಗಲ್ಲ ಅದು, ಶ್ವಾಸಕೋಶಕ್ಕೆ ಹೋಗುತ್ತೆ. ಪಾಪ ಅಂತ ಕೊಟ್ಟೀರಿ, ಆಮೇಲೆ ನಮ್ಮ ಕೈಯಲ್ಲೂ ಏನೂ ಆಗಲ್ಲ."

ಮೇಸ್ತ್ರಿ ಸ್ಟೂಲಿನ ಮೇಲೆ ಕೈಕಟ್ಟಿ ಕೂತ. ಆ ಕೈಗಳಿಗೆ ಸುಮ್ಮನಿದ್ದು ಅಭ್ಯಾಸವಿರಲಿಲ್ಲ. ಹೊದಿಕೆ ಸರಿಮಾಡುತ್ತಿದ್ದವು, ಮತ್ತೆ ಸರಿಮಾಡುತ್ತಿದ್ದವು. ಅವಳು ಅವನ ಕೈಮೇಲೆ ಸಣ್ಣಗೆ ಹೊಡೆದು, ಸಾಕು ಬಿಡಿ ಅನ್ನುವಂತೆ ನೋಡುತ್ತಿದ್ದಳು.

ಆಸ್ಪತ್ರೆಯ ಕ್ಯಾಂಟೀನು ಮುಚ್ಚಿ, ರಿಪೇರಿಗೆ ಅಂತ ಚಾವಣಿ ಬಿಚ್ಚಿ ಹಾಕಿದ್ದರು. ಹಾಗಾಗಿ ರೋಗಿಗಳ ಕಡೆಯವರು ಹಿತ್ತಲಲ್ಲಿ ನೀರಿನ ಟ್ಯಾಂಕಿನ ಹಿಂದೆ ಇಟ್ಟಿಗೆ ಜೋಡಿಸಿ, ಉದುರಿದ ಕಡ್ಡಿ ಕೂಡಿಸಿ ಅಡುಗೆ ಮಾಡಿಕೊಳ್ಳುತ್ತಿದ್ದರು. ಹೊಗೆಯೆಲ್ಲ ನೇರ ಹೆಂಗಸರ ವಾರ್ಡಿನ ಕಿಟಕಿಗೆ. ಒಳಗೆ ಕೆಮ್ಮು ಶುರುವಾದರೆ ಸೆಕ್ಯೂರಿಟಿಯವನು ಓಡಿಬಂದು ಇಟ್ಟಿಗೆಗಳನ್ನು ಒದ್ದು ಚೆದುರಿಸುತ್ತಿದ್ದ. ಒಂದು ಮಧ್ಯಾಹ್ನ ಹಾಗೆ ಒದ್ದಾಗ ಒಬ್ಬ ಅಜ್ಜಿಯ ಅನ್ನದ ಪಾತ್ರೆ ಬೋರಲು ಬಿತ್ತು. ಸೊಂಟ ಮುರಿದುಕೊಂಡು ಮಲಗಿದ್ದ ಗಂಡನನ್ನು ನೋಡಿಕೊಳ್ಳಲು ಬಂದಿದ್ದ ಅಜ್ಜಿ ಅದು. ಮಣ್ಣು ಹತ್ತದ ಅಗುಳನ್ನು ಆರಿಸುತ್ತ ಕೂತಿದ್ದನ್ನು ಮೇಸ್ತ್ರಿ ಕಿಟಕಿಯಿಂದ ನೋಡಿದ. ಎಷ್ಟೋ ದಿನದ ಮೇಲೆ ತನ್ನ ಕೈಯಲ್ಲಿ ಆಗುವಂಥದ್ದೊಂದು ಕಣ್ಣಿಗೆ ಬಿತ್ತು.

ಗ್ಯಾರೇಜಿಗೆ ಹೋಗಿ ಖಾಲಿ ತಗಡಿನ ಡಬ್ಬವೊಂದನ್ನು ಎತ್ತಿಕೊಂಡ. ಹಳೆಯ ಲಾರಿಯ ದಪ್ಪ ಸೈಲೆನ್ಸರ್ ಕೊಳವೆಯನ್ನು ಕತ್ತರಿಸಿ, ಮೊಣಕೈ ಮಡಿಸಿದ ಹಾಗೆ ಬೆಸುಗೆ ಹಾಕಿ ಡಬ್ಬದೊಳಗೆ ನಿಲ್ಲಿಸಿದ. ಒಂದು ಬಾಯಿ ಪಕ್ಕಕ್ಕೆ, ಒಂದು ಬಾಯಿ ಮೇಲಕ್ಕೆ. ಸುತ್ತ ಉಳಿದ ಜಾಗಕ್ಕೆ ಬೂದಿ ಗಿಡಿದು ತುಂಬಿದ. ಪಾತ್ರೆ ಕೂರಲು ಮೇಲೆ ಸರಳಿನ ತುಂಡುಗಳು. ಅದನ್ನು ಆಸ್ಪತ್ರೆಯ ಹಿತ್ತಲಿಗೆ ಹೊತ್ತು ತಂದ. ಪಕ್ಕದ ಬಾಯಿಗೆ ಒಣಕಡ್ಡಿ ತುರುಕಿ ಬೆಂಕಿಕಡ್ಡಿ ಗೀರಿದರೆ, ಗಾಳಿಯನ್ನು ತಾನೇ ಎಳೆದುಕೊಂಡು ಉರಿ ಗುಂಯ್‌ ಅಂತ ಮೇಲೆದ್ದಿತು. ಹೊಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

"ಹೊಗೆ ಎಲ್ಲಿ ಹೋಯ್ತಪ್ಪಾ?" ಅಂದಳು ಅಜ್ಜಿ, ಒಲೆಯ ಸುತ್ತ ಒಂದು ಸುತ್ತು ಬಂದು.

"ಕೊಳವೆಯೊಳಗೇ ಉರಿದು ಹೋಗುತ್ತೆ ಅಜ್ಜಿ."

"ಹಾಗಾದ್ರೆ ನಮ್ಮೋರ ಬಾಯಿಗೂ ಇಂಥದ್ದೊಂದು ಹಾಕ್ಕೊಡು ಮಗಾ. ಗೊಣಗಾಟ ಒಳಗೊಳಗೇ ಉರಿದು ಹೋಗ್ಲಿ."

ಸುತ್ತಲಿದ್ದವರು ನಕ್ಕರು. ಸೆಕ್ಯೂರಿಟಿಯವನು ಬಂದು ಮೂಗರಳಿಸಿ ನೋಡಿ, ಒದೆಯಲು ಕಾರಣ ಸಿಗದೆ ವಾಪಸು ಹೋದ. ಆಮೇಲೆ ಒಲೆ ಆರಿದ್ದೇ ಕಡಿಮೆ. ಒಬ್ಬರ ಪಾತ್ರೆ ಇಳಿದರೆ ಇನ್ನೊಬ್ಬರದು ಏರುತ್ತಿತ್ತು. ಮೇಸ್ತ್ರಿಯೂ ಅಂದು ಅನ್ನ ಬೇಯಿಸಿದ, ಈರುಳ್ಳಿ ಹುರಿದು ಬೇಳೆಗೆ ಹಾಕಿದ. ಹೊಟ್ಟೆ ತುಂಬ ಉಂಡು, ಒಲೆಯ ಸುದ್ದಿ ಹೇಳೋಣ ಅಂತ ಮೆಟ್ಟಿಲನ್ನು ಹಾರಿಹಾರಿ ಹತ್ತಿದ.

ಅವಳು ಕೇಳಿಸಿಕೊಂಡಳು. ಅವನು ಕೈಯಿಂದ ಅಭಿನಯಿಸಿ ತೋರಿಸಿದಾಗ ಕಣ್ಣಲ್ಲೇ ನಕ್ಕಳು. ಆಮೇಲೆ ಮೂಗು ಅರಳಿತು. ಅವನ ಕೈ ಹಿಡಿದೆಳೆದು, ಒಂದೊಂದೇ ಬೆರಳನ್ನು ಮೂಸಿದಳು. ಈರುಳ್ಳಿ. ಬಾಯಿ ತೆರೆದು, ಒಂದು ಬೆರಳಿನಿಂದ ನಾಲಿಗೆ ಮುಟ್ಟಿ ತೋರಿಸಿದಳು. ಒಂಚೂರು.

"ಬೇಡ ಕಣೇ. ಕೊಡಬಾರದಂತೆ."

ಅವಳು ಇನ್ನೂ ಬಾಯಿ ತೆರೆದೇ ಇದ್ದಳು.

"ನಾನು ಹೇಗೆ ಕೊಡ್ಲಿ ಹೇಳು?"

ಅವಳು ಅವನ ಕೈಯನ್ನು ತಳ್ಳಿ ಗೋಡೆಯ ಕಡೆ ತಿರುಗಿದಳು. ಬೆನ್ನು ಅಲುಗುತ್ತಿತ್ತು. ಸಂಜೆಯವರೆಗೂ ಈ ಕಡೆ ತಿರುಗಲಿಲ್ಲ.

ಮರುದಿನದಿಂದ ಮೇಸ್ತ್ರಿ ಒಲೆಯ ಹತ್ತಿರ ಸುಳಿಯಲಿಲ್ಲ. ಗೇಟಿನಾಚೆ ನಿಂತು ಬನ್ನು ತಿಂದು ಚಹಾ ಕುಡಿದು, ಸೋಪು ಹಚ್ಚಿ ಕೈ ತಿಕ್ಕಿಕೊಂಡು ಒಳಗೆ ಬರುತ್ತಿದ್ದ. ಅಜ್ಜಿ ಕರೆದರೆ "ಹಸಿವಿಲ್ಲ" ಅನ್ನುತ್ತಿದ್ದ. ಹೀಗೇ ನಡೆದರೆ ಹೇಗೋ ಆಗುತ್ತದೆ ಅಂದುಕೊಂಡಿದ್ದ. ಆದರೆ ಅವಳ ಕಣ್ಣು ತಪ್ಪಿಸುವುದು ಯಾರಿಂದ ಆದೀತು? ಒಂದು ಮಧ್ಯಾಹ್ನ ಅವನ ಕೆನ್ನೆಯ ಗುಳಿಯನ್ನೇ ನೋಡಿ, ಉಂಡಿರಾ ಅಂತ ಸನ್ನೆ ಮಾಡಿದಳು.

"ಉಂಡೆ. ಅನ್ನ, ಬೇಳೆ."

ಅಂಗಿಯ ಕಾಲರು ಹಿಡಿದು ಹತ್ತಿರಕ್ಕೆ ಎಳೆದು ಮೂಸಿದಳು. ಅಲ್ಲಿ ಸೋಪಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಭುಜಕ್ಕೆ ಗುದ್ದಿದಳು. ಮೊದಲಾಗಿದ್ದರೆ ಇಡೀ ಬೀದಿಗೆ ಕೇಳುವಂತೆ ಬೈಯುತ್ತಿದ್ದಳು. ಈಗ ಗಂಟಲಿನಿಂದ ಗೊರಗೊರ ಸದ್ದಷ್ಟೇ ಬಂತು. ಆ ಸದ್ದಿಗೆ ತಾನೇ ಬೆಚ್ಚಿದಳು. ಬೆರಳಿನಿಂದ ಕಿಟಕಿಯ ಆಚೆ ತೋರಿಸಿದಳು. ಹೋಗಿ, ಬೇಯಿಸಿಕೊಂಡು ತಿನ್ನಿ.

ಹೋದ. ಬೇಯಿಸಿದ. ತುತ್ತು ಇಳಿಯಲಿಲ್ಲ. ತಿಂದು ಹೋದರೆ ಅವಳ ಕಣ್ಣಲ್ಲಿ ನೀರು, ತಿನ್ನದೆ ಹೋದರೆ ಸಿಟ್ಟು. ತಿಂದ ಮೇಲೆ ಅಂಗಿ ಬದಲಿಸಿ, ಬಾಯಿ ತೊಳೆದು, ಗಾಳಿಗೆ ಸ್ವಲ್ಪ ಹೊತ್ತು ನಿಂತು ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡ. ಆದರೂ ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾಗಿಲ್ಲ ಅನ್ನುವಂತೆ ಇರುತ್ತಿದ್ದಳು.

ನುಂಗುವ ಪರೀಕ್ಷೆಯ ದಿನ ಅವಳು ತಲೆ ಬಾಚಿಸಿಕೊಂಡಳು. ಡಾಕ್ಟರು ಬಂದು ಗಟ್ಟಿಯಾದದ್ದೇನನ್ನೋ ಅರ್ಧ ಚಮಚ ನಾಲಿಗೆಯ ಮೇಲಿಟ್ಟು, "ನಿಧಾನ, ನಿಧಾನ" ಅಂದರು. ಅವಳು ಕಣ್ಣುಮುಚ್ಚಿ, ಎರಡೂ ಕೈಯಿಂದ ಮಂಚದ ಅಂಚು ಹಿಡಿದು ಪ್ರಯತ್ನಪಟ್ಟಳು. ಮೇಸ್ತ್ರಿ ತನಗೇ ತಿಳಿಯದೆ ತಾನೂ ಗುಟುಕು ನುಂಗಿದ. ಮರುಕ್ಷಣ ಅವಳಿಗೆ ಕೆಮ್ಮು ಒತ್ತರಿಸಿತು, ಮುಖ ಕಪ್ಪಿಟ್ಟಿತು. ನರ್ಸು ಓಡಿಬಂದು ಗಂಟಲಲ್ಲಿ ಸಿಕ್ಕಿದ್ದನ್ನು ಯಂತ್ರದಿಂದ ಹೀರಿ ತೆಗೆದರು.

ಡಾಕ್ಟರು ಅವನನ್ನು ಹೊರಗೆ ಕರೆದರು. "ಸುಳ್ಳು ಭರವಸೆ ಕೊಡಲ್ಲ. ನುಂಗೋದು ವಾಪಸು ಬರೋದು ಕಷ್ಟ. ಮೂಗಿನ ನಳಿಗೆ ತೆಗೆದು ನೇರ ಹೊಟ್ಟೆಗೇ ಒಂದು ನಳಿಗೆ ಇಡೋಣ. ಮನೆಗೆ ಹೋಗಬಹುದು."

"ನಾನೇನಾದ್ರೂ ಮಾಡೋ ಹಾಗಿದೆಯಾ ಸರ್?"

"ಒಪ್ಪಿಗೆ ಕೊಡಬೇಕು, ಅಷ್ಟೇ."

ಜೀವಮಾನವೆಲ್ಲ ತೂತು ಮುಚ್ಚಿ ಬದುಕಿದವನು ಹೆಂಡತಿಯ ಹೊಟ್ಟೆಗೆ ತೂತು ಮಾಡಲು ಸಹಿ ಹಾಕಿದ.

ಗಾಯ ಮಾಗಿದ ಮೇಲೆ ನರ್ಸು ಹೇಳಿಕೊಟ್ಟರು. ಗಂಜಿ ಚೆನ್ನಾಗಿ ಬೇಯಬೇಕು, ಅರೆಯಬೇಕು, ಬಟ್ಟೆಯಲ್ಲಿ ಸೋಸಬೇಕು, ಒಂದು ಅಗುಳೂ ಉಳಿಯಬಾರದು. ಉಗುರು ಬೆಚ್ಚಗಿರಬೇಕು. ಮೇಸ್ತ್ರಿ ಹಿತ್ತಲಿಗೆ ಇಳಿದ. ಬೆಳಿಗ್ಗೆಯಿಂದ ಸರದಿ ಕಾಯುತ್ತಿದ್ದವರು ಸುದ್ದಿ ಕೇಳಿ ತಮ್ಮ ಪಾತ್ರೆ ಇಳಿಸಿ ಜಾಗ ಬಿಟ್ಟರು. ಅಜ್ಜಿ ಪಕ್ಕದಲ್ಲಿ ಕೂತು ಕಡ್ಡಿ ಮುರಿದು ಮುರಿದು ಕೊಟ್ಟಳು. ಅವನು ಸೌಟು ಬಿಡದೆ ತಿರುವಿದ, ತಳ ಹತ್ತದ ಹಾಗೆ ಉರಿ ಹಿಡಿದ. ಅರೆದು, ಒಂದು ಹೊಸ ಬಟ್ಟೆ ತಂದು ಸೋಸಿದ, ಮತ್ತೊಮ್ಮೆ ಸೋಸಿದ.

ವಾರ್ಡಿನಲ್ಲಿ ಹೆಂಡತಿ ದಿಂಬಿಗೆ ಒರಗಿ ಕೂತಿದ್ದಳು. ನರ್ಸು ನಳಿಗೆಯ ತುದಿಗೆ ದೊಡ್ಡ ಸಿರಿಂಜು ಸಿಕ್ಕಿಸಿ, ಎತ್ತರಕ್ಕೆ ಹಿಡಿಯಿರಿ ಅಂದರು. ಅವನು ಗಂಜಿ ಸುರಿದ. ಅದು ಮೆಲ್ಲಗೆ ಇಳಿಯತೊಡಗಿತು. ಅವಳು ಇಳಿಯುವುದನ್ನೇ ನೋಡುತ್ತಿದ್ದಳು, ಬೇರೆ ಯಾರಿಗೋ ಬಡಿಸುತ್ತಿರುವುದನ್ನು ನೋಡುವಂತೆ. ಆಮೇಲೆ ಅವನ ಅಂಗಿಯ ಚುಂಗು ಜಗ್ಗಿ, ಬೆರಳುಗಳನ್ನು ಕೂಡಿಸಿ ಚಿಟಿಕೆ ಉದುರಿಸಿದ ಹಾಗೆ ಮಾಡಿದಳು.

"ಉಪ್ಪಾ?" ಅಂದ.

ಹೌದು ಅಂತ ತಲೆಯಾಡಿಸಿದಳು.

ಪಾತ್ರೆಯ ಅಂಚಿಗೆ ಹತ್ತಿದ್ದನ್ನು ಬೆರಳಲ್ಲಿ ಸವರಿ ನಾಲಿಗೆಗೆ ಹಚ್ಚಿಕೊಂಡ. ಸಪ್ಪೆ. ಅಷ್ಟು ಬೇಯಿಸಿ, ಅಷ್ಟು ಸೋಸಿ, ಉಪ್ಪು ಹಾಕುವುದನ್ನೇ ಮರೆತಿದ್ದ.

"ಸರಿಯಾಗಿದೆ ಕಣೇ" ಅಂದ.

ಅವಳು ಅವನ ಮುಖವನ್ನು ನೋಡಿದಳು. ಆಮೇಲೆ ನೋಟವನ್ನು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿಕೊಂಡಳು. ಅವನ ತೋಳು ನೋಯುತ್ತಿತ್ತು. ಗಂಜಿ ಇನ್ನೂ ಅರ್ಧ ಉಳಿದಿತ್ತು, ಕೈ ಇಳಿಸುವ ಹಾಗಿರಲಿಲ್ಲ.